ಸ್ಟಡ್ ಬಿಚ್ಚಿಕೊಟ್ಟ ಲೇಥ್ ಅಂಗಡಿ ಅಣ್ಣನಿಗೆ

ದಾವಣಗೆರೆಯ ಪಿ.ಬಿ. ರಸ್ತೆ ಕಡೆಯ ಲೇಥ್ ಅಂಗಡಿ ಅಣ್ಣನಿಗೆ ಈ ಬರಹ. ಹೆಸರು ಕೇಳಿದರೆ "ಹೆಸರು ಕಟ್ಕೊಂಡು ಏನ್ ಮಾಡ್ತೀರಿ ಬಿಡ್ರಿ" ಅಂದುಬಿಟ್ಟರು.

ನಮ್ಮ ಮಾವನ 1978ರ ಟೊಯೋಟಾ ಸೆಲಿಕಾವನ್ನು ಮನೆಯಲ್ಲೇ ರಿಪೇರಿ ಮಾಡುತ್ತಿದ್ದೇನೆ. ಎಂಜಿನ್ ಹೊಗೆ ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚುವಾಗ, ಅದನ್ನು ಹಿಡಿದಿಡುವ ಒಂದು ಸ್ಟಡ್ (ತಲೆಯಿಲ್ಲದ ಬೋಲ್ಟ್) ಎಂಜಿನ್‌ನ ಮೇಲ್ಭಾಗವಾದ ಹೆಡ್‌ನಲ್ಲೇ ಮುರಿದು ಕೂತಿತು. ಹೆಡ್ ಅಲ್ಯುಮಿನಿಯಂ, ಸ್ಟಡ್ ಉಕ್ಕು. 40 ವರ್ಷಕ್ಕೂ ಜಾಸ್ತಿ ಕಾಲ ಎರಡೂ ಕಚ್ಚಿಕೊಂಡೇ ಇದ್ದವು. ಕೊರೆದು ತೆಗೆಯೋಣ ಅಂದರೆ, ಡ್ರಿಲ್ ಸ್ವಲ್ಪ ವಾಲಿದರೂ ಹೆಡ್ ಹಾಳು. ಈ ಕಾರಿನ ಹೆಡ್ ಇಲ್ಲಿ ಎಲ್ಲಿ ಸಿಗಬೇಕು? ಕೇಳಿದ ಕಡೆಯೆಲ್ಲ "ಬೆಂಗಳೂರಿಗೆ ಒಯ್ಯಿರಿ" ಅಂದರು.

ಈ ಅಣ್ಣ ಮಾತ್ರ ಸಂಜೆ ಅಂಗಡಿ ಮುಚ್ಚಿ, ವೆಲ್ಡಿಂಗ್ ಮೆಷಿನ್ ಹೊತ್ತು ಮನೆಗೇ ಬಂದರು. ಮೊದಲು ಬ್ಯಾಟರಿ ವೈರ್ ಕಳಚಿದರು. ವೈರಿಂಗ್ ಮೇಲೆ ಒದ್ದೆ ಗೋಣಿಚೀಲ ಹೊದಿಸಿದರು. ಮುರಿದ ತುದಿಗೆ ನಟ್ ಇಟ್ಟು ವೆಲ್ಡ್ ಮಾಡಿದರು. ನಾನು ಸ್ಪ್ಯಾನರ್ ಎತ್ತಿಕೊಂಡರೆ "ತಡೀರಿ ಸರ್, ಸ್ವಲ್ಪ ಆರಲಿ" ಅಂತ ಕೈ ಹಿಡಿದರು. ಇನ್ನೂ ಬಿಸಿ ಇರುವಾಗಲೇ ಜೇಬಿನಿಂದ ಮೇಣದಬತ್ತಿ ತೆಗೆದು ಬುಡಕ್ಕೆ ತಾಗಿಸಿದರು. ಮೇಣ ಕರಗಿ ಥ್ರೆಡ್ (ಸ್ಟಡ್ ತಿರುಗಿ ಕೂರುವ ಸುರುಳಿ ಗೆರೆ) ಒಳಗೆ ಇಳಿಯಿತು. ಆಮೇಲೆ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ, ಹಟ ಮಾಡುವ ಮಗುವನ್ನು ಪುಸಲಾಯಿಸಿದ ಹಾಗೆ. ಕಿರ್ರ್ ಅಂತ ಸದ್ದು. ಸ್ಟಡ್ ಪೂರ್ತಿ ಹೊರಗೆ! ಹೋದ ಜೀವ ಬಂದಂತಾಯಿತು.

200 ರೂಪಾಯಿ ಸಾಕು ಅಂದರು. ಜಾಸ್ತಿ ಕೊಟ್ಟಿದ್ದನ್ನು ಬಾನೆಟ್ ಮೇಲೆ ಇಟ್ಟರು. ಟೀ ಮಾತ್ರ ಎರಡು ಲೋಟ ಕುಡಿದರು, ಅದಕ್ಕೆ ಬೇಡ ಅನ್ನಲಿಲ್ಲ. ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಕಿ ಥ್ರೆಡ್ ಕ್ಲೀನ್ ಮಾಡಿ, "ಹೊಸದಕ್ಕೆ ಕಾಪರ್ ಗ್ರೀಸ್ ಹಚ್ರಿ, ಮುಂದೆ ಬಿಚ್ಚೋರಿಗೆ ತ್ರಾಸ್ ಆಗಬಾರ್ದು" ಅಂದರು.

ಹಚ್ಚಿದ್ದೇನೆ ಅಣ್ಣಾ. ಮ್ಯಾನಿಫೋಲ್ಡ್ ಸರಿಯಾಗಿ ಕೂತಿದೆ, ಎಲ್ಲೂ ಲೀಕ್ ಇಲ್ಲ. ತುಂಬಾ ಥ್ಯಾಂಕ್ಸ್.