ಜೈಲಿನಲ್ಲಿರುವವನಿಗೂ ಆದಾಯ ಪ್ರಮಾಣಪತ್ರ ಬೇಕೇ?

ಮಾನ್ಯ ಸಂಪಾದಕರೇ,

ನಮ್ಮ ತಾಲ್ಲೂಕು ಕೋರ್ಟಿನಲ್ಲಿ ನಡೆದ ಕಾನೂನು ಅರಿವು ಕಾರ್ಯಕ್ರಮದ ವರದಿಯನ್ನು ನಿನ್ನೆಯ ಪತ್ರಿಕೆಯಲ್ಲಿ ಓದಿದೆ. ದುಡ್ಡಿಲ್ಲ ಅಂತ ಯಾರಿಗೂ ವಕೀಲರು ತಪ್ಪುವುದಿಲ್ಲ ಎಂದು ವೇದಿಕೆ ಮೇಲಿದ್ದವರು ಹೇಳಿದ್ದಾರೆ. ಅದೇ ಹೊತ್ತಿಗೆ ಅದೇ ಕಟ್ಟಡದಲ್ಲಿ ಪಕ್ಕದ ಮನೆಯ ಹೆಂಗಸಿನ ಜೊತೆ ನಾನು ವಕೀಲರ ದಾರಿ ಕಾಯುತ್ತಾ ನಿಂತಿದ್ದೆ. ಓದಿ ಮೈ ಉರಿದು ಹೋಯಿತು.

ಆಕೆಯ ಮಗ ಗ್ಯಾರೇಜ್ ಹುಡುಗ. ಬೈಕ್ ಕಳವಿನ ಕೇಸಿನಲ್ಲಿ ಜೈಲಿನಲ್ಲಿದ್ದಾನೆ. ಕದ್ದಿದ್ದಾನೋ ಇಲ್ಲವೋ ಕೋರ್ಟ್ ಹೇಳಲಿ. ಆದರೆ ಅವನ ಪರ ಮಾತಾಡಲು ಒಬ್ಬರು ಬೇಕು ಅಲ್ವಾ? ಉಚಿತ ಕಾನೂನು ನೆರವಿಗೆ ಅರ್ಜಿ ಕೊಡಲು ಹೋದರೆ ಅಲ್ಲಿನ ಗುಮಾಸ್ತರು ಮೊದಲು ಕೇಳಿದ್ದೇ ಆದಾಯ ಪ್ರಮಾಣಪತ್ರ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕಸ್ಟಡಿಯಲ್ಲಿರುವವರಿಗೆ ಆದಾಯದ ಮಿತಿಯೇ ಇಲ್ಲ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೂ ಇಲ್ಲ. ಮಿತಿ ಇರುವವರಿಂದಲೂ ಬರೀ ಅಫಿಡವಿಟ್ ತೆಗೆದುಕೊಳ್ಳಬಹುದು ಎಂದು 13ನೇ ಸೆಕ್ಷನ್ ಹೇಳುತ್ತದೆ. ಯಾರಿಗೆಲ್ಲ ನೆರವು ಸಿಗುತ್ತದೆ ಎಂಬ ಪಟ್ಟಿ ಆ ಗುಮಾಸ್ತರ ಬೆನ್ನ ಹಿಂದಿನ ಬೋರ್ಡಿನಲ್ಲೇ ಇತ್ತು. ಬೆರಳು ಮಾಡಿ ತೋರಿಸಿದೆ. ತಿರುಗಿಯೂ ನೋಡಲಿಲ್ಲ.

ಸರಿ, ನಾಡಕಚೇರಿಗೆ ಹೋದೆವು. ಸರ್ವರ್ ಡೌನ್. ಮತ್ತೆ ಹೋದರೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ. ನಾನು ಕೆಲಸಕ್ಕೆ ರಜೆ ಹಾಕಿ ಓಡಾಡಿದೆ, ಆಕೆ ಕೂಲಿ ಬಿಟ್ಟು ಬಂದಳು. ಇದೇ ಕಚೇರಿಯಲ್ಲಿ ನಮ್ಮ ಅತ್ತೆಯ ವಿಧವಾ ವೇತನದ ಅರ್ಜಿಯನ್ನು ಕಳೆದುಹಾಕಿ, ನೀವು ಕೊಟ್ಟೇ ಇಲ್ಲ ಅಂದಿದ್ದರು. ಸಹಿ ಹಾಕಿದ ಸ್ವೀಕೃತಿ ತೋರಿಸಿದ ಮೇಲೂ ಹೊಸದಾಗಿ ಬರೆಸಿಕೊಂಡರು. ಬಡವರ ಕಾಗದ ಅಂದರೆ ಇವರಿಗೆ ರದ್ದಿ.

ಕೊನೆಗೂ ವಕೀಲರು ನೇಮಕವಾದರು. ಕೋರ್ಟ್ ಹಾಲ್ ಮೂರನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟು ಎಷ್ಟು ಕಾಲವಾಯಿತೋ. ಮಂಡಿ ನೋವಿಟ್ಟುಕೊಂಡು ಹತ್ತಿ ಹೋದೆ. ಕೂರಲು ಬೆಂಚಿಲ್ಲ. ಕೇಸ್ ಕರೆಯುವ ಹೊತ್ತಿಗೆ ವಕೀಲರು ಬಂದರು. ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಫೈಲು. ಬಾಗಿಲಲ್ಲೇ ನಿಂತು ಹಾಳೆ ತಿರುವಿ, ಜೊತೆ ಆರೋಪಿಯ ಹೆಸರು ಹೇಳಿ "ಅವನ ತಾಯಿ ನೀವೇನಾ?" ಎಂದು ಕೇಳಿದರು. ಆಕೆಯ ಮುಖ ನೋಡಲಾಗಲಿಲ್ಲ. ಜಾಮೀನು ಅರ್ಜಿ ಇನ್ನೂ ಹಾಕಿರಲಿಲ್ಲ. ವಾಯಿದೆ ಕೇಳಿದರು, ಕೊಟ್ಟರು, ಹೊರಟುಹೋದರು. ಹುಡುಗ ಮತ್ತೆ ಜೈಲಿಗೆ.

ಪ್ಯಾನಲ್ ವಕೀಲರಿಗೆ, ಅಂದರೆ ಉಚಿತ ನೆರವಿನ ಪಟ್ಟಿಯಲ್ಲಿರುವ ಇಂಥ ವಕೀಲರಿಗೆ, ಶುಲ್ಕ ಕಡಿಮೆ, ಅದೂ ತಡವಾಗಿ ಬರುತ್ತದೆ ಎನ್ನುತ್ತಾರೆ. ಇರಬಹುದು. ಹಾಗಾದರೆ ಸರಿಯಾಗಿ ಕೊಡಿ. ಕೊಟ್ಟ ಮೇಲೆ ಲೆಕ್ಕ ಕೇಳಿ. ಜೈಲಿಗೆ ಹೋಗಿ ಕಕ್ಷಿದಾರನ ಜೊತೆ ಮಾತಾಡಿದರಾ, ಜಾಮೀನು ಅರ್ಜಿ ಯಾವಾಗ ಹಾಕಿದರು ಎಂದು ಕೇಳುವವರು ಯಾರಾದರೂ ಇದ್ದಾರಾ? ಖಾಸಗಿ ಕೇಸು ಬಿಟ್ಟು ಬಡ ಆರೋಪಿಗಳ ಪರವೇ ಪೂರ್ಣಾವಧಿ ಕೆಲಸ ಮಾಡುವ ವಕೀಲರ ಯೋಜನೆಯನ್ನು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2022ರಲ್ಲೇ ಮಾಡಿದೆ. ಜಿಲ್ಲಾ ಕೇಂದ್ರಗಳಿಗೆಂದು ಮಾಡಿದ ಆ ವ್ಯವಸ್ಥೆ ನಮ್ಮಂಥ ತಾಲ್ಲೂಕಿಗೆ ಯಾಕೆ ಬೇಡ? ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕೆನ್ನುವ 39ಎ ವಿಧಿ ಸಂವಿಧಾನಕ್ಕೆ ಸೇರಿದ್ದು 1976ರಲ್ಲಿ. ಆರೋಪಿ ಕೇಳದಿದ್ದರೂ ಅವನಿಗೆ ಈ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿದೆ. ನಾವು ಕೇಳಿಯೂ ಅಲೆಯುತ್ತಿದ್ದೇವೆ.

ಸಂಬಂಧಪಟ್ಟವರು ಆ ಹುಡುಗನಿಗೆ ಕೂಡಲೇ ಬೇರೆ ವಕೀಲರನ್ನು ಕೊಡಬೇಕು. ಅಥವಾ ಈಗಿರುವವರೇ ಫೈಲು ಓದಿಕೊಂಡು ಬರುವ ಹಾಗೆ ಮಾಡಬೇಕು. ಗುಮಾಸ್ತರಿಗೆ ಕಾಯ್ದೆಯ ಪ್ರತಿ ಕೊಡಿ, ಲಿಫ್ಟ್ ರಿಪೇರಿ ಮಾಡಿಸಿ. ಸಂಬಳ ತೆಗೆದುಕೊಳ್ಳುವವರು ಇಷ್ಟಾದರೂ ಮಾಡಬೇಡವೇ?

ಇಂತಿ,
ನೊಂದ ಓದುಗ