‘ಸ್ಟ್ಯಾಂಪ್ ನೋಡಿದ್ರಾ?’ ಎಂದು ಕೇಳಿದ ಅಣ್ಣನಿಗೆ

ಅಣ್ಣಾ, ನಿಮ್ಮ ಹೆಸರು ಗೊತ್ತಿಲ್ಲ. ಬದಿಯಡ್ಕದ ಹತ್ತಿರದವರು ಅಂದಿರಿ, ನಾನು ಕುಂಬಳೆಯವಳು. ನಮ್ಮ ಕಾಸರಗೋಡಿನವರು ಯಾರಾದರೂ ಇದನ್ನು ನಿಮಗೆ ತಲುಪಿಸಿಯಾರು.

ನಾವು ಭೇಟಿಯಾದ ಆ ವಿದೇಶದ ವಿಮಾನ ನಿಲ್ದಾಣದಲ್ಲಿ ನನ್ನ ಪಾಸ್‌ಪೋರ್ಟಿಗೆ ಒತ್ತಿದ ಸ್ಟ್ಯಾಂಪಿನಲ್ಲಿ, ಆ ದೇಶದಲ್ಲಿ ಯಾವ ದಿನದವರೆಗೆ ಇರಬಹುದು ಎಂಬ ತಾರೀಕು ಹಿಂದಿನ ತಿಂಗಳದ್ದಾಗಿತ್ತು. ಅಂದರೆ ಇಳಿಯುವ ಮೊದಲೇ ನನ್ನ ಅವಧಿ ಮುಗಿದಿತ್ತು! “ಬ್ಯಾಗ್ ಆಮೇಲೆ ಸಿಗ್ತದೆ, ಮೊದಲು ಇದನ್ನು ಸರಿ ಮಾಡಿಸಿ” ಎಂದು ನನ್ನನ್ನು ಕೌಂಟರಿಗೆ ವಾಪಸ್ ಕರೆದುಕೊಂಡು ಹೋದಿರಿ. ಹೊರಗೆ ಬಂದ ಮೇಲೆ ಗೊತ್ತಾಗಿದ್ದರೆ ಕಚೇರಿ ಕಚೇರಿ ಅಲೆಯಬೇಕಿತ್ತು. ಥಾಯ್ಲೆಂಡಿನಂಥ ಕಡೆ ಅವಧಿ ಮೀರಿದರೆ ದಿನಕ್ಕೆ 500 ಬಾತ್ ದಂಡ, ಹೆಚ್ಚೆಂದರೆ 20,000. ತಪ್ಪು ನಮ್ಮದಲ್ಲ ಎಂದರೆ ಹೊರಡುವ ಹೊತ್ತಿಗೆ ಯಾರು ಕೇಳುತ್ತಾರೆ, ಅಲ್ವಾ?

ಪಕ್ಕದಲ್ಲಿದ್ದವರೊಬ್ಬರು ಸುಮ್ನೆ ಪೆನ್ನಿನಲ್ಲಿ ತಿದ್ದಿ ಅಂದಾಗ ನೀವು ಗದರಿದ್ದು ನೆನಪಿದೆ. ಗದರಲೇಬೇಕಾದ ಮಾತು. ಪಾಸ್‌ಪೋರ್ಟಿನಲ್ಲಿ ನಾವೇ ತಿದ್ದುವುದು 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಅಪರಾಧ.

ಅವತ್ತೇ ಬಂದಿಳಿದದ್ದಕ್ಕೆ ಸಾಕ್ಷಿಯಾಗಿ ನಾನು ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ತೋರಿಸಿದೆ. ಅಧಿಕಾರಿ ಹಳೆಯದನ್ನು ರದ್ದು ಮಾಡಿ ಹೊಸ ಸ್ಟ್ಯಾಂಪ್ ಒತ್ತಿದರು. ಹೊರಗೆ ನಿಮ್ಮ ಟ್ಯಾಕ್ಸಿ ಕಾಯುತ್ತಿದ್ದರೂ ನೀವು ಕದಲಲಿಲ್ಲ. ಊರಿಗೆ ಬಂದರೆ ಕುಂಬಳೆಯಲ್ಲಿ ಇಳಿಯಿರಿ ಅಣ್ಣಾ, ಊಟ ನಮ್ಮಲ್ಲೇ.