ಕರಾರಿಗೆ ಸಹಿ ಹಾಕುವ ಮುನ್ನ

ಧಾರವಾಡ

ಚಿ. ಪುಟ್ಟಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನೀನು ಕಳಿಸಿದ ನಾಲ್ಕೂ ಹಾಡುಗಳನ್ನು ನಿನ್ನೆ ರಾತ್ರಿ ಎರಡೆರಡು ಸಲ ಕೇಳಿದೆ. ರಾಕ್ ಸಂಗೀತದ ಒಳಹೊರಗು ನನಗೆ ಅಷ್ಟಾಗಿ ತಿಳಿಯದು. ಆದರೆ ಮೂರನೆಯ ಹಾಡಿನಲ್ಲಿ ಡ್ರಮ್ಸ್, ಬೇಸ್ ಎಲ್ಲವೂ ಒಮ್ಮೆಲೇ ನಿಂತು, ನೀನು ಉಸಿರೆಳೆದುಕೊಳ್ಳುವುದು ಕೂಡ ಕೇಳಿಸಿ, ಬಳಿಕ ಬರೀ ಗಿಟಾರಿನ ಮೇಲೆ ದನಿ ಎತ್ತುತ್ತೀಯಲ್ಲ, ಅಲ್ಲಿ ನನ್ನ ಮೈ ಜುಮ್ಮೆಂದಿತು. ಮಿಕ್ಸಿಂಗ್ ಮಾಡುವವರು ಆ ಉಸಿರನ್ನು ಅಳಿಸದಂತೆ ನೋಡಿಕೋ.

ಈ ಪತ್ರ ಬರೆಯುತ್ತಿರುವುದು ಮಾತ್ರ ಹಾಡುಗಳನ್ನು ಹೊರತರುವ ಕಂಪನಿಯವರು ನಿನಗೆ ಕಳಿಸಿರುವ ಕರಾರುಪತ್ರದ ಸಲುವಾಗಿ. ನಿನ್ನ ವಯಸ್ಸಿನಲ್ಲಿ ನಾನೂ ಭಾವಗೀತೆಗಳ ಒಂದು ಕ್ಯಾಸೆಟ್ಟಿಗೆ ಹಾಡಿದ್ದೆ. ಅದರಲ್ಲಿ ಎರಡು ಗೀತೆಗಳಿಗೆ ರಾಗ ಹಾಕಿದವಳೂ ನಾನೇ. ಧ್ವನಿಮುದ್ರಣ ಮುಗಿದ ಸಂಜೆ, ಊರಿನ ಬಸ್ಸು ತಪ್ಪೀತೆಂಬ ಅವಸರದಲ್ಲಿ, ಮುಂದಿಟ್ಟ ಕಾಗದವನ್ನು ಓದದೆಯೇ ಸಹಿ ಹಾಕಿಕೊಟ್ಟೆ. ಕ್ಯಾಸೆಟ್ ಕೈಗೆ ಬಂದಾಗ ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ಹುಡುಕಿದರೂ ನನ್ನ ಹೆಸರಿರಲಿಲ್ಲ. ಮುಖ್ಯ ಗಾಯಕರ ಹೆಸರಿನ ಕೆಳಗೆ ‘ಮತ್ತು ಸಂಗಡಿಗರು’ ಎಂದಷ್ಟೇ ಇತ್ತು. ಆ ಕಾಗದ ಇಂದಿಗೂ ನನ್ನ ಟ್ರಂಕಿನಲ್ಲಿದೆ.

ನಮ್ಮ ದೇಶಕ್ಕೆ ಗ್ರಾಮಫೋನ್ ಧ್ವನಿಮುದ್ರಣ ಹೊಸದಾಗಿ ಕಾಲಿಟ್ಟ 1902ರಲ್ಲೇ ಕಲ್ಕತ್ತೆಯ ಗೌಹರ್ ಜಾನ್ ಅವರು ಹಾಡು ಮುಗಿಯುತ್ತಲೇ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ತಮ್ಮ ದನಿಯಲ್ಲೇ ಹೆಸರು ಹೇಳಿ ನಿಲ್ಲಿಸುತ್ತಿದ್ದರು. ನೀನು ಹಾಗೆ ಹಾಡಿನೊಳಗೆ ಹೇಳಬೇಕಾಗಿಲ್ಲ. ಆದರೆ ಹಾಡನ್ನು ಇಂಟರ್ನೆಟ್ಟಿಗೆ ಏರಿಸುವಾಗ ಸಾಹಿತ್ಯ, ಸಂಗೀತ, ಗಾಯನ ಎಂಬ ಮೂರೂ ಕಡೆ ನಿನ್ನ ಹೆಸರು ಒಂದೇ ಕಾಗುಣಿತದಲ್ಲಿ ಇದೆಯೇ ಎಂದು ನೀನೇ ಕುಳಿತು ನೋಡು.

1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಧ್ವನಿಮುದ್ರಣಕ್ಕೆಂದು ಹಕ್ಕು ಬರೆದುಕೊಟ್ಟ ಮೇಲೂ ಸಾಹಿತ್ಯ ಬರೆದವರಿಗೆ, ಸಂಗೀತ ಸಂಯೋಜಿಸಿದವರಿಗೆ ರಾಯಲ್ಟಿಯಲ್ಲಿ, ಅಂದರೆ ಹಾಡಿನ ಬಳಕೆಗೆ ಬರುವ ಹಣದಲ್ಲಿ, ಸಲ್ಲಬೇಕಾದ ಸಮಪಾಲು ತಪ್ಪುವುದಿಲ್ಲ. ಕರಾರಿನಲ್ಲಿ ಅವಧಿ ಬರೆಯದಿದ್ದರೆ 5 ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತದ ಮಟ್ಟಿಗೆಂದೂ ಕಾಯ್ದೆಯೇ ಇಟ್ಟುಕೊಳ್ಳುತ್ತದೆ. ಆದ್ದರಿಂದ ‘ಶಾಶ್ವತವಾಗಿ’, ‘ವಿಶ್ವದಾದ್ಯಂತ’ ಎಂಬ ಎರಡು ಪದಗಳು ಕಂಡರೆ ಅಲ್ಲೇ ನಿಲ್ಲು. ಮೂಲ ಮುದ್ರಣವನ್ನು ಪೂರ್ತಿ ಬಿಟ್ಟುಕೊಡುವ ಬದಲು ಇಂತಿಷ್ಟು ವರ್ಷಕ್ಕೆ ಪರವಾನಗಿ ಕೊಡುತ್ತೇನೆಂದು ಕೇಳು. ಕೇಳುವುದರಲ್ಲಿ ಮರ್ಯಾದೆಗೇಡು ಏನೂ ಇಲ್ಲ. ಹಾಡು ಬರೆದವರ, ಸಂಯೋಜಿಸಿದವರ ಪರವಾಗಿ ರಾಯಲ್ಟಿ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವವನ್ನೂ ಈಗಲೇ ಮಾಡಿಸು.

ಇನ್ನೊಂದು ಮಾತು. ಮೂರನೆಯ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕನ್ನು, ನೀವು ರಿಫ್ ಎನ್ನುವುದನ್ನು, ಕಟ್ಟಿದ್ದು ನಿಮ್ಮ ಬ್ಯಾಂಡಿನ ಹುಡುಗ ಎಂದಿದ್ದೆ. ಅವನ ಪಾಲು ಎಷ್ಟೆಂದು ಸ್ನೇಹ ಚೆನ್ನಾಗಿರುವಾಗಲೇ ಬರೆದು, ಇಬ್ಬರೂ ಸಹಿ ಹಾಕಿ ಇಟ್ಟುಕೊಳ್ಳಿ. ನಿನ್ನ ಹಾಡಿನಲ್ಲಿ ಅವನು ‘ಸಂಗಡಿಗ’ನಾಗಿ ಉಳಿಯಬಾರದು.

ಮೊದಲು ಎರಡನೆಯ ಹಾಡು ಬರಲಿ ಎಂದು ಕಂಪನಿಯವರು ಹೇಳುತ್ತಿದ್ದಾರೆಂದು ಕೇಳಿದೆ. 1978ರಲ್ಲಿ ಇಂಗ್ಲೆಂಡಿನ ಗಾಯಕಿ ಕೇಟ್ ಬುಷ್‌ಗೆ 19 ವರ್ಷ; ಆಕೆಯ ಕಂಪನಿಯೂ ಬೇರೊಂದು ಹಾಡನ್ನೇ ಮೊದಲು ತರಬೇಕೆಂದಿತ್ತು. ಆಕೆ ಹಟ ಹಿಡಿದು ತಂದ ಹಾಡು ನಾಲ್ಕು ವಾರ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ತಾನೇ ಬರೆದ ಹಾಡಿನಿಂದ ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಆಕೆ. ನಿನಗೂ ಹಾಗೆಯೇ ಆಗುತ್ತದೆಂದು ನಾನು ಹೇಳಲಾರೆ, ಆದರೆ ನಿನ್ನ ಮನಸ್ಸು ಮೂರನೆಯ ಹಾಡಿನ ಮೇಲಿದ್ದರೆ ಅದನ್ನು ಬಾಯಿಬಿಟ್ಟು ಹೇಳು.

ಕರಾರುಪತ್ರದ ಎಲ್ಲ ಪುಟಗಳ ಫೋಟೋ ತೆಗೆದು ನನಗೆ ಕಳಿಸು. ಪಕ್ಕದ ಮನೆಯ ವಕೀಲರಿಗೆ ಹೇಳಿಟ್ಟಿದ್ದೇನೆ, ಭಾನುವಾರ ಬೆಳಿಗ್ಗೆ ಓದಿ ಹೇಳುತ್ತಾರೆ. ಅಲ್ಲಿಯವರೆಗೆ ಪೆನ್ನು ಮುಟ್ಟಬೇಡ.

ಇಂತಿ ನಿನ್ನ,
ಅತ್ತೆ